ಹಿತ್ತಲ ಬಾಗಿಲಿನ ಗಾಳಿ

ನಮ್ಮ ಮನೆಯಲ್ಲಿ ಒಂದು ಡಬ್ಬಿ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಬಣ್ಣ ಬಿಳಿ, ಮುಂದೆ ಅಂಕಿ ತೋರಿಸುವ ಪುಟ್ಟ ಪರದೆ. ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಅದು ಹೇಳುತ್ತದೆ. ನಾವು ಹೊರಗೆ ಬಿಡುವ ಉಸಿರಿನಲ್ಲಿ ಇರುವುದು ಅದೇ ಆದ್ದರಿಂದ, ಅಂಕಿ ಏರಿತೆಂದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದು ತಿಳಿಯಬೇಕು. ಬಯಲಿನಲ್ಲಿ ನಾಲ್ಕು ನೂರರ ಆಸುಪಾಸು ನಿಲ್ಲುತ್ತದೆ. ಕಿಟಕಿ ಮುಚ್ಚಿ ಜನ ತುಂಬಿದ ಕೋಣೆಯಲ್ಲಿ ನೋಡನೋಡುತ್ತಲೇ ಸಾವಿರ ದಾಟುತ್ತದೆ. ವೈರಸ್ಸು ಅದಕ್ಕೆ ಕಾಣುವುದಿಲ್ಲ. ಆ ಕೋಣೆಯಲ್ಲಿ ಯಾರಿಗಾದರೂ ಸೋಂಕಿದ್ದರೆ ಅದು ನಮ್ಮ ಮೂಗಿನ ತನಕ ಬರಲು ದಾರಿ ಎಷ್ಟು ಸಲೀಸಾಗಿದೆ ಎಂಬುದನ್ನಷ್ಟೇ ಹೇಳುತ್ತದೆ.

ಇದನ್ನು ತರಿಸಿದವಳು ನಾನು. ಬೆಳಗಾವಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಆದ್ದರಿಂದ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ, ಯಾವ ಅಂಕಿ ಅರ್ಥವಾಗದಿದ್ದರೂ ನನ್ನ ತಲೆಗೇ ಬರುತ್ತದೆ. ತರಿಸಿದ್ದು ಅವ್ವನಿಗಾಗಿ. ಕೆಲವು ವರ್ಷಗಳ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ನನ್ನ ತಮ್ಮ ತನ್ನದೊಂದನ್ನು ಕೊಟ್ಟ. ಆ ದಿನಗಳ ಭಯವನ್ನು ಈಗ ಯಾರೂ ಮಾತಾಡುವುದಿಲ್ಲ, ಏಕೆಂದರೆ ಅವ್ವ ಅದನ್ನೊಂದು ನಗೆಚಾಟಿಕೆ ಮಾಡಿಬಿಟ್ಟಿದ್ದಾಳೆ. ಬಂದವರೆಲ್ಲರಿಗೂ ಹೊಟ್ಟೆ ತಟ್ಟಿ ತೋರಿಸುತ್ತಾಳೆ: “ಇವನ್ನ ಒಂದ್ ಸಲ ಹೊಟ್ಟ್ಯಾಗ ಹೊತ್ತು ಹಡದೆ. ಈಗ ಇವನ ತುಣುಕ ಮತ್ತ ಬಂದು ಹೊಟ್ಟ್ಯಾಗ ಕುಂತೈತಿ ನೋಡ್ರಿ. ಬಾಡಗಿ ಇಲ್ಲ ಏನಿಲ್ಲ.”

ಬಾಡಿಗೆ ಇಲ್ಲದೆ ಏನಿಲ್ಲ. ಹೊರಗಿನಿಂದ ಬಂದ ಕಿಡ್ನಿಯನ್ನು ದೇಹ ಹೊಡೆದೋಡಿಸದಿರಲಿ ಎಂದು ಅವಳು ದಿನವೂ ಗುಳಿಗೆ ನುಂಗಬೇಕು, ಮತ್ತು ಆ ಗುಳಿಗೆಗಳು ದೇಹದ ಕಾವಲುಗಾರರನ್ನೇ ಮಲಗಿಸಿಬಿಡುತ್ತವೆ. ನಮಗೆ ಎರಡು ದಿನ ಮೂಗು ಸುರಿದು ಹೋಗುವ ರೋಗ ಅವಳನ್ನು ಆಸ್ಪತ್ರೆಗೆ ಒಯ್ಯಬಹುದು. ಊರಿಗೆಲ್ಲ ಕೊರೊನಾ ಮರೆತುಹೋಗಿದೆ; ನಮ್ಮ ಮನೆಯಲ್ಲಿ ಮರೆಯುವ ಹಾಗಿಲ್ಲ. ಕಿಡ್ನಿ ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದರು, “ಅಜ್ಜಿ, ಗಾಳಿ ಆಡದ ಜಾಗಾದಾಗ ಮಂದಿ ಕೂಡ ಕುಂದರಬ್ಯಾಡ್ರಿ.” ಅವ್ವ ಪ್ರತಿ ಸಲವೂ ಉತ್ತರಿಸುತ್ತಿದ್ದಳು, “ಅದು ಇರ್ಲಿರಿ. ನಾ ಇನ್ನ ಅಜ್ಜಿ ಆಗಿಲ್ಲ, ಹಂಗ ಕರೀಬ್ಯಾಡ್ರಿ.” ನನಗೆ ಮಕ್ಕಳಾಗಲಿಲ್ಲ. ತಮ್ಮನಿಗೆ ಮದುವೆಯೇ ತಡವಾಯಿತು.

ಹೀಗೆ ಡಬ್ಬಿ ಬಂತು. ಅವ್ವ ಎಲ್ಲಿಗೆ ಹೋಗಬೇಕೆಂದರೂ ಮೊದಲು ನಾನು, ನನ್ನ ಹಿಂದೆ ಡಬ್ಬಿ. ಸೀರೆ ಅಂಗಡಿಗೆ ಹೋಗಿ, ಸೀರೆ ನೋಡುವವಳಂತೆ ನಟಿಸುತ್ತ ಅಂಕಿ ನೋಡಿ ಬರುತ್ತಿದ್ದೆ. ಮದುವೆಯ ಕಲ್ಯಾಣ ಮಂಟಪಗಳಲ್ಲಿ ಕೈಚೀಲದೊಳಗಿಂದ ಡಬ್ಬಿ ತೆಗೆದರೆ ಜನ ಅದನ್ನು ಹೊಸ ಮೊಬೈಲು ಎಂದುಕೊಳ್ಳುತ್ತಿದ್ದರು. ಡಬ್ಬಿ ಒಂದೇ ಸಾಲದು. ಎಷ್ಟು ಜನ, ಎಷ್ಟು ಹೊತ್ತು, ಮಾಡು ಎಷ್ಟು ಎತ್ತರ, ಸುಮ್ಮನೆ ಕುಳಿತಿದ್ದಾರೋ ಕೂಗಾಡುತ್ತಿದ್ದಾರೋ, ಇದೆಲ್ಲ ಸೇರಬೇಕು. ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂದು ತಿಳಿಯಲು ನಾನು ಊದಿನಕಡ್ಡಿ ಹಚ್ಚುತ್ತಿದ್ದೆ. ಹೊಗೆ ಬಾಗಿದ ಕಡೆಗೆ ಗಾಳಿ ಹೋಗುತ್ತಿದೆ. ಹೊಗೆ ನೇರ ಮೇಲೇರಿ ಅಲ್ಲೇ ಗಿರಿಗಿರಿ ತಿರುಗಿದರೆ ಆ ಕೋಣೆಗೆ ಅವ್ವ ಬರುವ ಹಾಗಿಲ್ಲ. ಒಮ್ಮೆ ನೆಂಟರ ಗೃಹಪ್ರವೇಶದಲ್ಲಿ ನಾನು ಊದಿನಕಡ್ಡಿ ಹಿಡಿದು ಮೂಲೆಮೂಲೆ ತಿರುಗುತ್ತಿದ್ದರೆ ಮನೆಯ ಯಜಮಾನರು ಕೈಮುಗಿದು ಹಿಂದೆ ಹಿಂದೆಯೇ ಬಂದರು. ನಾನೂ ಸುಮ್ಮನಿದ್ದೆ. ಕೊನೆಗೆ ಪ್ರಸಾದ ಕೇಳಿದಾಗ ಮಾತ್ರ ಕಷ್ಟಕ್ಕಿಟ್ಟುಕೊಂಡಿತು.

ಅವ್ವನಿಗೆ ಡಬ್ಬಿಯ ಮೇಲೆ ಮೊದಮೊದಲು ಸಿಟ್ಟು, ಆಮೇಲೆ ಭಕ್ತಿ. ಒಂದು ಸೋಮವಾರ ಲಿಂಗಪೂಜೆ ಮುಗಿಸಿದವಳು ಡಬ್ಬಿಗೂ ಮೂರು ಬೆರಳು ವಿಭೂತಿ ಎಳೆದಳು. ಎಳೆದದ್ದು ಗಾಳಿ ಒಳಗೆ ಹೋಗುವ ತೂತುಗಳ ಮೇಲೆಯೇ. ಎರಡು ದಿನ ಅಂಕಿ ಅಲ್ಲಾಡಲಿಲ್ಲ. ನಾನು ಹಲ್ಲುಜ್ಜುವ ಬ್ರಷ್ಷಿನಿಂದ ತೂತು ತಿಕ್ಕುತ್ತ ಬೈದರೆ, “ಅದೂ ಒಂದ್ ಜೀವ ಇದ್ದಂಗ. ದಿನಾ ನಮ್ಮ ಉಸರ ಎಣಸತೈತಿ ಪಾಪ” ಎಂದಳು.

ಇಷ್ಟರಲ್ಲಿ ಖಾನಾಪುರದಿಂದ ಸುದ್ದಿ ಬಂತು. ಅಲ್ಲಿ ತವರಿಗೆ ಹೋಗಿದ್ದ ತಮ್ಮನ ಹೆಂಡತಿ ಹೆಣ್ಣು ಹಡೆದಿದ್ದಳು.

ಈ ಕೂಸು ಅವ್ವನಿಗೆ ಏನು ಎಂದು ಹೇಳಬೇಕಾದರೆ ಒಂದು ಹಳೆಯ ಮಾತು ಹೇಳಬೇಕು. ತಮ್ಮ ಕಿಡ್ನಿ ಕೊಡುವಾಗ ಅವನಿಗಿನ್ನೂ ಮದುವೆಯಾಗಿರಲಿಲ್ಲ. ಆಮೇಲೆ ಹೆಣ್ಣು ಕೇಳಲು ಹೋದಲ್ಲೆಲ್ಲ ಜನ ಚಹಾ ಕೊಟ್ಟು, ಒಳಗೆ ಹೋಗಿ ಗುಸುಗುಸು ಮಾತಾಡಿ, ಹೊರಬಂದು ಜಾತಕ ಕೂಡಿಲ್ಲ ಎನ್ನುತ್ತಿದ್ದರು. ಜಾತಕ ನೋಡದವರೂ ಹಾಗೇ ಎಂದರು. ತನ್ನಿಂದಾಗಿ ಮಗನ ಬಾಳು ನಿಂತುಹೋಯಿತೆಂದು ಅವ್ವ ನಗುವುದನ್ನೇ ಬಿಟ್ಟ ಒಂದು ವರ್ಷ ಇತ್ತು. ಆಗ ಖಾನಾಪುರದ ಒಬ್ಬ ಹೆಣ್ಣುಮಗಳು, ಈಗ ನಮ್ಮ ಬೀಗತಿ, ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ್ದರು: “ಅವ್ವಗ ಕಿಡ್ನಿ ಕೊಟ್ಟಾಂವ ನನ್ನ ಮಗಳಿಗೆ ಏನ್ ಕಡಿಮಿ ಮಾಡ್ಯಾನು?” ಆ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿ, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ, ತಾನೇ ಜೋಗುಳ ಹಾಡಬೇಕೆಂಬುದು ಅವ್ವನ ಆಸೆ. ಅವಳು ಬೇರೇನನ್ನೂ ಇಷ್ಟು ಹಟ ಹಿಡಿದು ಕೇಳಿದ್ದು ನನಗೆ ನೆನಪಿಲ್ಲ.

ನನಗೂ ಆ ಕಾರ್ಯದಲ್ಲಿ ಒಂದು ಹಕ್ಕಿತ್ತು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ಹೇಳಿದ ಕೂಡಲೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಎಂದು ಕೇಳಬೇಡಿ, ಗುದ್ದುವವರಿಗೂ ಗೊತ್ತಿಲ್ಲ, ಆದರೆ ಬಹಳ ಖುಷಿಯಿಂದ ಗುದ್ದುತ್ತಾರೆ. ಇಷ್ಟು ವರ್ಷ ಬೇರೆಯವರ ಬೆನ್ನಿಗೆ ಗುದ್ದಿದವಳು ನಾನು. ಈ ಸಲ ನನ್ನ ಬೆನ್ನಿನ ಸರದಿ.

ಕೂಸಿಗೆ ಒಂದು ವಾರವಾದಾಗ ಡಬ್ಬಿ, ಊದಿನಕಡ್ಡಿ ಕಟ್ಟಿಕೊಂಡು ಸ್ಕೂಟಿ ಹತ್ತಿದೆ. ನನ್ನ ಮನೆ ಪೀರನವಾಡಿಯಲ್ಲಿ, ಖಾನಾಪುರದ ರಸ್ತೆಗೇ ಹತ್ತಿಕೊಂಡು. ಅವ್ವ, ತಮ್ಮ ಇರುವುದು ಬೆಳಗಾವಿ ಊರೊಳಗಿನ ನಮ್ಮ ಹಳೆಯ ಮನೆಯಲ್ಲಿ. ಏಪ್ರಿಲ್ ಬಿಸಿಲು. ಬೀಗತಿಯ ಮನೆ ಮುಟ್ಟಿದಾಗ ಬೆವರಿಳಿಯುತ್ತಿತ್ತು. “ಬರ್ರಿ ಅಕ್ಕೋರ, ಕುಂದರ್ರಿ” ಎಂದರು ಬೀಗತಿ. ಕಲಿಸುವವಳಾದ್ದರಿಂದ ಅವರಿಗೆ ನಾನು ಮದುವೆಯ ಮಾತುಕತೆಯ ದಿನದಿಂದಲೂ ಅಕ್ಕೋರು.

ಬಾಣಂತಿ ಕೋಣೆಯ ಬಾಗಿಲು ತೆರೆದು ಒಳಹೋದರೆ ಕಣ್ಣು ಕತ್ತಲೆ. ಕಿಟಕಿಯ ಸಂದುಸಂದಿಗೂ ಹಳೆ ಸೀರೆಯ ಚಿಂದಿ ತುರುಕಿದ್ದರು. ಅದರ ಮೇಲೆ ಕೌದಿ ಇಳಿಬಿಟ್ಟಿದ್ದರು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ. ಬಾಣಂತಿಯ ಹೊರಸಿನ ಬಳಿ ಶೆಗಡಿಯಲ್ಲಿ ಇದ್ದಿಲ ಕೆಂಡ, ಅದರ ಮೇಲೆ ಅಜವಾನ ಮತ್ತು ಲೋಬಾನ. ಬಾಣಂತಿಗೆ ಗಾಳಿ ಹತ್ತಬಾರದು ಎಂಬುದು ನಮ್ಮ ಕಡೆಯ ಮೊದಲ ಕಾನೂನು. ಆ ಕಾನೂನನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಕೂಸನ್ನು ನೋಡಲು ಬಂದ ನೆರೆಯ ಹೆಂಗಸರು ನಾಲ್ಕೈದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೂಸಿನ ಮೂಗು ಯಾರ ಹಾಗಿದೆ ಎಂದು ತೀರ್ಮಾನಿಸುತ್ತಿದ್ದರು.

ಡಬ್ಬಿ ತೆಗೆದೆ. ಸಾವಿರ. ಎರಡು ಸಾವಿರ. ಮೂರು ಸಾವಿರ ದಾಟಿಯೂ ಏರುತ್ತಲೇ ಇತ್ತು. ಅಂಥ ಅಂಕಿಯನ್ನು ನಾನು ಯಾವ ಮದುವೆಯಲ್ಲೂ ಕಂಡಿರಲಿಲ್ಲ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರನ್ನು ಎಬ್ಬಿಸುವ ದನಿಯಲ್ಲಿ, “ಎಲ್ಲಾರೂ ಹೊರಗ ನಡೀರಿ” ಎಂದೆ. ಹೆಂಗಸರು ಗಾಬರಿಯಾಗಿ ಸೆರಗು ಸರಿಪಡಿಸಿಕೊಳ್ಳುತ್ತ ಹೊರಬಿದ್ದರು. ಕೋಣೆಯಲ್ಲಿ ಈಗ ಬಾಣಂತಿ, ಕೂಸು, ನಾನು, ಬೀಗತಿ ಇಷ್ಟೇ ಜನ. ಅಂಕಿ ಇಳಿಯಬೇಕು ತಾನೆ? ಇಳಿಯಲಿಲ್ಲ, ಇನ್ನೂ ಏರಿತು. ಇದು ಅವ್ವನ ವಿಭೂತಿಯ ಕೆಲಸವೇ ಎಂದು ಬೈದುಕೊಂಡು ಡಬ್ಬಿಯನ್ನು ಹಿತ್ತಲಿಗೆ ಒಯ್ದು ನುಗ್ಗೆಗಿಡದ ಬುಡದಲ್ಲಿ ನಿಂತೆ. ಅಲ್ಲಿ ಅದು ಶಾಂತವಾಗಿ ನಾಲ್ಕು ನೂರಕ್ಕೆ ಬಂತು. ಡಬ್ಬಿ ಸರಿಯಾಗಿಯೇ ಇತ್ತು.

ಆಮೇಲೆ ಹೊಳೆಯಿತು. ಶೆಗಡಿ. ಕೆಂಡ ಉರಿದರೂ ಬರುವುದು ಅದೇ ಅನಿಲ. ಡಬ್ಬಿಗೆ ನೆರೆಯವರ ಉಸಿರು ಬೇರೆ, ಇದ್ದಿಲ ಉಸಿರು ಬೇರೆ ಎಂದು ತಿಳಿಯುವುದಿಲ್ಲ. ಇಷ್ಟು ವರ್ಷ ಪಾಠ ಮಾಡಿದವಳಿಗೆ ಒಳಗೆ ಕಾಲಿಟ್ಟ ಕೂಡಲೆ ಹೊಳೆಯಬೇಕಿತ್ತು, ನುಗ್ಗೆಗಿಡದ ತನಕ ನಡೆಯಬೇಕಾಯಿತು. ನಾನು ಒಬ್ಬಳೇ ನಿಂತು ನಕ್ಕೆ. ನಗು ಅಲ್ಲಿಗೇ ನಿಂತಿತು, ಏಕೆಂದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಇನ್ನೊಂದು ಅನಿಲವನ್ನೂ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನನ್ನ ಡಬ್ಬಿಗೆ ಅದು ಕಾಣುವುದೂ ಇಲ್ಲ. ಅದು ಕೊಲ್ಲುತ್ತದೆ. ಓಡಿ ಒಳಗೆ ಹೋಗಿ ಬಾಣಂತಿಯನ್ನು ಕೇಳಿದೆ.

“ತಲಿ ಏನರ ನೋಯತೈತೇನು?”

“ಸಿಡಿಯಾಕ ಹತ್ತೈತಿ ಅಕ್ಕಾ, ಬಂದಾಗಿಂದ” ಎಂದಳು ತಮ್ಮನ ಹೆಂಡತಿ. “ಹಡದ ಮ್ಯಾಲ ಹಂಗ ಆಗತೈತಿ ಅಂತ ಸುಮ್ನಿದ್ದೆ.”

ಬೀಗತಿ ಕೂಡಲೆ ಶೆಗಡಿಯನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ನೀರು ಸುರಿದರು. ಅದರ ಚುಂಯ್ ಸದ್ದು ಕೇಳಿ ನನಗೆ ಜೀವ ಬಂದಂತಾಯಿತು. ಆದರೆ ಅವರು ತಿರುಗಿ ಬಂದು ಚಿಂದಿಯ ಕಡೆ ಕೈಮಾಡಿ ಹೇಳಿದರು, “ಅಕ್ಕೋರ, ಕೆಂಡ ತಗದೆ. ಅದು ನಿಮ್ಮ ಮಾತು. ಇದನ್ನ ತಗ್ಯಾಕ ಹೇಳಬ್ಯಾಡ್ರಿ. ಗಾಳಿ ಹೊಕ್ರ ಮುಪ್ಪಿನ್ಯಾಗ ಕೀಲ ಹಿಡಿತಾವ. ಆವಾಗ ಡಬ್ಬಿ ಬಂದು ಎಣ್ಣಿ ತಿಕ್ಕತೈತೇನು?”

“ಮೈಗೆ ಗಾಳಿ ಹತ್ತಬಾರದು, ಖರೇ. ಕಿವಿ ಕಟ್ರಿ, ಕಾಲಿಗೆ ಚೀಲ ಹಾಕ್ರಿ, ಕೌದಿ ಹೊಚ್ಚರಿ. ಮನಷ್ಯಾರ್ನ ಕಟ್ಟೂದು ಬಿಟ್ಟು ಕೋಣಿ ಯಾಕ ಕಟ್ತೀರಿ?”

ಅವರು ಬಹಳ ಹೊತ್ತು ಚಿಂದಿಯನ್ನೂ ಮಗಳನ್ನೂ ನೋಡಿದರು. ಮಗಳು ಕಣ್ಣಲ್ಲೇ ಬೇಡುತ್ತಿದ್ದಳು. ಕೊನೆಗೆ ಮೇಲಿನ ಒಂದು ಕಿಟಕಿಯ ಚಿಂದಿಯನ್ನು ಮಾತ್ರ ಕಿತ್ತರು. “ಇಷ್ಟ. ಇದಕ್ಕಿಂತ ಹೆಚ್ಚಿಗಿ ಕೇಳಬ್ಯಾಡ್ರಿ” ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ನಿಜವಾದ ತೊಂದರೆ ಇನ್ನೂ ಮುಂದಿತ್ತು. ಆ ಮನೆಯಲ್ಲಿ ತೊಟ್ಟಿಲು ಕಟ್ಟುವುದು ಬಾಣಂತಿ ಕೋಣೆಯಲ್ಲೇ, ಮೊದಲಿಂದ ಬಂದ ಪದ್ಧತಿ. ಓಣಿಯ ಹೆಂಗಸರೆಲ್ಲ ಒಳಗೆ ಕಿಕ್ಕಿರಿದು ಗಂಟೆಗಟ್ಟಲೆ ಹಾಡುತ್ತಾರೆ. ಹಾಡುವಾಗ ಎಲ್ಲರ ಬಾಯಿಂದಲೂ ಮಾತಿಗಿಂತ ಹೆಚ್ಚು ತುಂತುರು ಗಾಳಿಗೆ ಸೇರುತ್ತದೆ. ಹಾಡುವವಳು ದೀರ್ಘ ಉಸಿರು ಎಳೆಯುತ್ತಾಳೆ ಕೂಡ, ಅದೂ ಮಾಸ್ಕು ತೆಗೆದು. ಅವ್ವನನ್ನು ಆ ಕೋಣೆಯಲ್ಲಿ ಕೂರಿಸಿ ಹಾಡಿಸುವುದೆಂದರೆ ಡಾಕ್ಟರು ಹೇಳಿದ್ದರಲ್ಲಿ ಒಂದನ್ನೂ ಬಿಡದೆ ಮುರಿದ ಹಾಗೆ. ಇದನ್ನು ಬೀಗತಿಗೆ ಅಳುಕುತ್ತಲೇ ಹೇಳಿದೆ. ಹೆಣ್ಣು ಕೊಟ್ಟ ಮನೆಯವರಿಗೆ ನಿಮ್ಮ ಪದ್ಧತಿ ಬಿಡಿ ಎನ್ನಬೇಕಲ್ಲ.

ಬೀಗತಿ ಕೇಳಿ, ಎದ್ದು ಹೋಗಿ ಪಡಸಾಲೆಯನ್ನೊಮ್ಮೆ ನೋಡಿ ಬಂದರು. ಆಮೇಲೆ ಹೇಳಿದರು, “ಅವರು ಬರಲಾರದಂಗ ತೊಟ್ಲ ಕಟ್ಟೂದು ಯಾರ ಸಲುವಾಗಿ ಅಕ್ಕೋರ? ಪಡಸಾಲ್ಯಾಗ ಕಟ್ಟೂಣು. ನಿಮ್ಮ ಕಡ್ಡಿ ಹಚ್ಚಿ ನೋಡ್ರಿ.”

ಪಡಸಾಲೆ ನನಗೆ ನೋಡಿದ ಕೂಡಲೆ ಇಷ್ಟವಾಯಿತು. ಮುಂಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ನೇರ ಕಾಣುತ್ತದೆ. ಅಡುಗೆಮನೆ ಒಂದು ಬದಿಗೆ, ಬಾಣಂತಿ ಕೋಣೆ ಇನ್ನೊಂದು ಬದಿಗೆ. ನಡುವೆ ಎತ್ತರದ ಹಂಚಿನ ಮಾಡು. ಇಳಿಹೊತ್ತಿನಲ್ಲಿ ಖಾನಾಪುರದಲ್ಲಿ ಘಟ್ಟದ ಕಡೆಯಿಂದ ಪಡುವಣ ಗಾಳಿ ಏಳುತ್ತದೆ. ಎರಡೂ ಬಾಗಿಲು ತೆರೆಸಿ ಕಡ್ಡಿ ಹಚ್ಚಿದೆ. ಹೊಗೆ ಹಿತ್ತಲ ಬಾಗಿಲಿನಿಂದ ಹೊರಟು, ಪಡಸಾಲೆಯುದ್ದಕ್ಕೂ ಮಲಗಿಕೊಂಡು ಹೋಗಿ, ಮುಂಬಾಗಿಲಿನಿಂದ ಅಂಗಳಕ್ಕೆ ಇಳಿಯಿತು. ಇದಕ್ಕಿಂತ ಒಳ್ಳೆಯ ಜಾಗ ಬೆಳಗಾವಿಯ ಯಾವ ಮಂಟಪದಲ್ಲೂ ನನಗೆ ಸಿಕ್ಕಿರಲಿಲ್ಲ. ಹಿತ್ತಲ ಬಾಗಿಲ ಬಳಿ ಅವ್ವ ಕುಳಿತರೆ ಅವಳಿಗೆ ಸಿಗುವುದು ಹೊರಗಿನ ಹೊಸ ಗಾಳಿ. ಉಳಿದವರ ಉಸಿರು ಅವಳಿಂದ ದೂರ, ಮುಂದಕ್ಕೆ ಹೋಗುತ್ತದೆ. ನಾನು ಕುಣಿಯುವುದೊಂದು ಬಾಕಿ.

ಬೀಗತಿಯ ಮುಖ ಮಾತ್ರ ಇಳಿದುಹೋಯಿತು. “ಬೀಗತಿನ್ನ ತಂದು ಹಿತ್ತಲ ಬಾಗಲದಾಗ, ಬಚ್ಚಲದ ಬಾಜು ಕುಂದರಸಲೇನು? ಮಂದಿ ಬಾಯಿಗೆ ಬಂದಂಗ ಆಡತಾರ. ಮೊದಲ ಸಲ ಕಾರ್ಯಕ್ಕ ಬರಾಕತ್ಯಾರ ಅವರು.”

ಅವರಿಗೆ ನಮ್ಮ ಅವ್ವನೂ ಬೀಗತಿಯೇ. ಬೀಗತಿಗೆ ಮಣೆ ಹಾಕುವುದು ಗೋಡೆಗೊರಗಿ, ನಡುವೆ, ಎಲ್ಲರ ಕಣ್ಣಿಗೆ ಬೀಳುವಲ್ಲಿ. ಮರ್ಯಾದೆಯ ಜಾಗ ಒಂದು ಕಡೆ, ಗಾಳಿಯ ಜಾಗ ಇನ್ನೊಂದು ಕಡೆ. ಅವ್ವ ಏನೂ ಅಂದುಕೊಳ್ಳುವುದಿಲ್ಲ ಎಂದೆ. “ಅವರು ಅನಕೊಳ್ಳೂದಿಲ್ಲ, ನಾ ಅನಕೋತೇನಿ” ಎಂದರು ಬೀಗತಿ. ಹೊರಡುವಾಗ ಉಳಿದ ನಿಯಮಗಳನ್ನು ಹೇಳಿದೆ: ಜನ ಕಡಿಮೆ ಇರಲಿ, ಹಾಡು ಒಂದೆರಡೇ ಇರಲಿ, ಊಟ ಅಂಗಳದ ಪೆಂಡಾಲಿನಲ್ಲಿರಲಿ, ಯಾರಿಗೆ ಗಂಟಲು ಕೆರೆದರೂ, ಅವರು ಯಾರೇ ಆಗಿರಲಿ, ಒಳಗೆ ಬಿಡಬೇಡಿ. “ಯಾರ ಇದ್ರೂ” ಎಂದು ಎರಡು ಸಲ ಒತ್ತಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಆ ವಾರವೇ ಉತ್ತರಪತ್ರಿಕೆಗಳ ಮೌಲ್ಯಮಾಪನ ಶುರುವಾಯಿತು. ಎಸಿ ಹಾಕಿ ಕಿಟಕಿ ಮುಚ್ಚಿದ ಹಾಲಿನಲ್ಲಿ ನಾವು ಅಷ್ಟೂ ಜನ ಬೆಳಗಿನಿಂದ ಸಂಜೆಯ ತನಕ. ಅಲ್ಲಿಗೂ ಡಬ್ಬಿ ಒಯ್ದಿದ್ದೆ. ಪರದೆಯಿರುವ ಯಾವ ವಸ್ತುವೂ ಒಳಗೆ ಹೋಗುವ ಹಾಗಿಲ್ಲವೆಂದು ಗೇಟಿನಲ್ಲೇ ತೆಗೆದಿಟ್ಟುಕೊಂಡರು. ನನ್ನ ಹಿಂದಿನ ಮೇಜಿನ ಉಪನ್ಯಾಸಕರು ಸೀನುತ್ತಲೇ ಇದ್ದರು. ಕೇಳಿದರೆ, “ಧೂಳಿನ ಅಲರ್ಜಿ ರೀ ಮೇಡಂ, ಹಳೇ ಪೇಪರ್ ಅಲ್ಲೇನು” ಎಂದರು. ಪೇಪರು ಹಳೆಯದೇನಾಗಿರಲಿಲ್ಲ. ನಾನು ಮಾಸ್ಕು ಹಾಕಿಕೊಂಡೇ ಇದ್ದೆ, ಆದರೆ ಚಹಾ ಬಂದಾಗ ತೆಗೆಯುತ್ತಿದ್ದೆ. ಅಲ್ಲಿ ಚಹಾ ಬಹಳ ಸಲ ಬರುತ್ತಿತ್ತು. ಹೆದರಿಕೆಗೆ ಆ ಇಡೀ ವಾರ ಅವ್ವನ ಮನೆಗೆ ಕಾಲಿಡಲಿಲ್ಲ, ಫೋನಿನಲ್ಲೇ ಮಾತು.

ತೊಟ್ಟಿಲ ಕಾರ್ಯದ ದಿನ ಬೆಳಿಗ್ಗೆ ಎದ್ದಾಗ ಗಂಟಲಲ್ಲಿ ಒಂದು ಸಣ್ಣ ಕೆರೆತ. ಸುಣ್ಣ ಹೆಚ್ಚಾದ ಎಲೆ ಮೆದ್ದ ಹಾಗೆ, ಅಷ್ಟೇ. ಇದು ಏನೂ ಅಲ್ಲ ಎಂದು ಹೇಳಿಕೊಳ್ಳಲು ನನಗೆ ಹತ್ತು ಕಾರಣ ಸಿಕ್ಕವು. ಹೊಸ ಸೀರೆ ಇಸ್ತ್ರಿಯಾಗಿ ತೂಗುತ್ತಿತ್ತು. ಅಲಮಾರಿಯಲ್ಲಿದ್ದ ಕೊರೊನಾ ಪರೀಕ್ಷೆಯ ಪಟ್ಟಿಯನ್ನು ತೆಗೆಯುವುದೋ ಬೇಡವೋ ಎಂದು ಅದನ್ನೇ ನೋಡುತ್ತ ನಿಂತೆ. ತೆಗೆದೆ. ಎರಡು ಗೆರೆ ಮೂಡಿದವು, ಅಂದರೆ ಸೋಂಕು ಇದೆ. ಎರಡನೆಯದು ತೆಳ್ಳಗಿತ್ತು, ಆದರೆ ಇತ್ತು.

ನಾನು ಹಾಸಿಗೆಯ ಮೇಲೆ ಕುಳಿತು ಅತ್ತೆ. ರೋಗಕ್ಕಲ್ಲ. ಇಷ್ಟು ವರ್ಷ ಊರಿನ ಕೋಣೆಗಳನ್ನೆಲ್ಲ ಅನುಮಾನಿಸಿ ಕೊನೆಗೆ ಅವ್ವನ ಪಾಲಿನ ಅಪಾಯ ನಾನೇ ಆದೆನಲ್ಲ ಎಂದು ಅತ್ತೆ. ಗಂಡ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದರು, ಸಮಾಧಾನ ಹೇಳಲೂ ಯಾರೂ ಇರಲಿಲ್ಲ. ಅತ್ತು ಮುಗಿಸಿ ಮುಖ ತೊಳೆದು ಮಾಸ್ಕು ಹಾಕಿಕೊಂಡೆ.

ದಾರಿಯಲ್ಲಿ ನನ್ನನ್ನು ಹತ್ತಿಸಿಕೊಳ್ಳಲೆಂದು ತಮ್ಮನ ಕಾರು ಬಂತು. ನಾಲ್ಕೂ ಕಿಟಕಿ ಇಳಿಸಿದ್ದರು, ನಾನೇ ಕಲಿಸಿದ್ದು. ಹಿಂದಿನ ಸೀಟಿನಲ್ಲಿ ಅವ್ವ, ತಲೆತುಂಬ ಸೆರಗು, ತೊಡೆಯ ಮೇಲೆ ಕೂಸಿಗೆ ತಾನೇ ಹೊಲಿದ ಕುಂಚಿಗೆ. ನಾನು ಗೇಟಿನಿಂದ ಹಿಂದೆ ಸರಿದು ನಿಂತು ಸುದ್ದಿ ಹೇಳಿದೆ. ಡಬ್ಬಿಯನ್ನು ಒರೆಸಿ ಗೇಟಿನ ಕಂಬದ ಮೇಲೆ ಇಟ್ಟೆ.

ಅವ್ವ ಕುಂಚಿಗೆಯ ದಾರ ಬಿಚ್ಚಿದಳು, ಕಟ್ಟಿದಳು. “ಹಂಗಾದ್ರ ಗಾಡಿ ಹೊಳ್ಳಸು” ಎಂದಳು ತಮ್ಮನಿಗೆ. “ಹೆಸರ ಇಡಾಕ ಅತ್ತಿನ ಇಲ್ಲಂದ್ರ ಏನ್ ಕಾರ್ಯ ಅದು.”

“ಹುಚ್ಚರಂಗ ಆಡಬ್ಯಾಡ ಅವ್ವಾ. ಇಷ್ಟೆಲ್ಲ ಮಾಡಿದ್ದು ನೀ ಹೋಗ್ಲಿ ಅಂತ. ನಾ ಹ್ವಾದ್ರ ಹೋತು, ಬಿಟ್ರ ಬಿಟ್ಟತು.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಜ್ವರ ಅದಾವೇನು?”

“ಇಲ್ಲ.”

“ಸ್ಕೂಟಿ ಹೊಡ್ಯಾಕ ಬರತೈತಿಲ್ಲೋ? ಹಿಂದಿಂದ ಒಬ್ಬಾಕಿನ ಬಾ. ಒಳಗ ಬರಬ್ಯಾಡ, ಅಂಗಳದಾಗ ದೂರ ನಿಂದ್ರು. ಬಯಲಾಗ ಅಂಕಿ ನಾಕ್ ನೂರ ಇರತೈತಿ ಅಂತ ನೀನ ಹೇಳ್ತಿದ್ದೆಲ್ಲ.” ಆಮೇಲೆ ತಮ್ಮನಿಗೆ, “ನಡಿ, ಡಬ್ಬಿ ತಗೋ” ಎಂದಳು. ಕಾರು ಹೋಯಿತು.

ಇಳಿಹೊತ್ತಿಗೆ ನಾನು ಖಾನಾಪುರ ಮುಟ್ಟಿದೆ. ಜನ ಆಗಲೇ ಒಳಗಿದ್ದರು. ಅಂಗಳದ ಕೊನೆಗೆ ಒಂದು ಪೇರಲ ಗಿಡ, ಮನೆಯಿಂದ ಸಾಕಷ್ಟು ದೂರ, ಅಲ್ಲಿ ಬೇರೆ ಯಾರೂ ಇರಲಿಲ್ಲ. ಸೀರೆಯ ನೆರಿಗೆ ಕೊಡವಿ ಅದರ ಕೆಳಗೆ ನಿಂತೆ. ಗಾಳಿ ಮನೆಯೊಳಗಿಂದ ನನ್ನ ಕಡೆಗೆ ಬರುತ್ತಿತ್ತು. ನನ್ನ ಉಸಿರು ನನ್ನ ಬೆನ್ನ ಹಿಂದಿನ ಗದ್ದೆಯ ಕಡೆಗೆ ಹೋಗುತ್ತಿತ್ತು. ಲೆಕ್ಕ ಸರಿಯಾಗಿತ್ತು.

ತಲೆಯೆತ್ತಿ ನೋಡಿದರೆ ಪಡಸಾಲೆಯ ನಡುವೆ ತೊಟ್ಟಿಲು, ಅದರಾಚೆ ಹಿತ್ತಲ ಬಾಗಿಲಿನ ಬೆಳಕು. ಆ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಹೊಸ್ತಿಲಿಗೆ ಹೊಸದಾಗಿ ಅರಿಶಿನ, ಕುಂಕುಮ. ಆಚೆ ಬಚ್ಚಲಿನ ಕೊಡ, ಬಕೆಟ್ಟು ಒಂದೂ ಕಾಣಲಿಲ್ಲ, ಬಚ್ಚಲ ಗೋಡೆಗೆ ಸುಣ್ಣ ಬಳಿದಿತ್ತು, ಹಿತ್ತಲ ತುಂಬ ರಂಗೋಲಿ. ಮುಂಬಾಗಿಲಿಗೆ ಒಂದು ಎಲೆಯೂ ಇರಲಿಲ್ಲ. ತಮ್ಮ ಆಮೇಲೆ ಹೇಳಿದ, ಬೀಗತಿ ಕಾರನ್ನು ಹಿಂದಿನ ಓಣಿಗೇ ಕರೆಸಿಕೊಂಡು, ಅಲ್ಲಿಯೇ ಆರತಿ ಎತ್ತಿ, ಅವ್ವನನ್ನು ಆ ಬಾಗಿಲಿನಿಂದಲೇ ಒಳಗೆ ಕರೆದರಂತೆ. ಮರ್ಯಾದೆಯ ಜಾಗಕ್ಕೆ ಅವ್ವನನ್ನು ಒಯ್ಯಲಾಗದಿದ್ದರೆ, ಅವ್ವನ ಜಾಗಕ್ಕೆ ಮರ್ಯಾದೆಯನ್ನೇ ಒಯ್ದಿದ್ದರು. ಮಾಸ್ಕು ಹಾಕಿಕೊಂಡು, ಕೈಯಲ್ಲಿ ಡಬ್ಬಿ ಹಿಡಿದು, ತೋರಣದ ಕೆಳಗಿನ ಕುರ್ಚಿಯಲ್ಲಿ ಅವ್ವ ಪಟ್ಟದ ರಾಣಿಯ ಹಾಗೆ ಕುಳಿತಿದ್ದಳು. ಬಾಣಂತಿಗೆ ಕಿವಿ, ತಲೆ, ಕೈಕಾಲು ಎಲ್ಲ ಸುತ್ತಿ ಮೂಗೊಂದನ್ನು ಮಾತ್ರ ಹೊರಗೆ ಬಿಟ್ಟಿದ್ದರು.

ಅವ್ವ ಡಬ್ಬಿ ನೋಡಿ ಕೂಗಿದಳು, “ಐನೂರು ಅಂತೈತಿ.” ನಾನು ಅಂಗಳದಿಂದ ಕೈಯೆ‍ತ್ತಿದೆ. ನಡೆಯಲಿ ಎಂದು ಅರ್ಥ.

ಅವ್ವ ಕೂಸನ್ನು ತೊಟ್ಟಿಲಿಗೆ ಹಾಕಿ ತನ್ನ ಜಾಗಕ್ಕೆ ಹೋದಳು. ಈಗ ಹೆಸರು. ಎಲ್ಲರೂ ಅಂಗಳದ ಕಡೆ ತಿರುಗಿದರು. ಬೀಗತಿ ಮುಂಬಾಗಿಲಿಗೆ ಬಂದು, “ಅಕ್ಕೋರ, ಕಿವಿಯಾಗ ಹೇಳೂದು ಯಾಕ? ಕೂಸು ಕೇಳ್ಲಿ ಅಂತ. ಅಲ್ಲಿಂದ ಹೇಳ್ರಿ, ಕೇಳತೈತಿ. ನಿಮ್ಮ ದನಿ ಹೆಂಗೈತಿ ಅಂತ ಓಣಿಗೆಲ್ಲ ಗೊತ್ತಾಗೇತಿ” ಎಂದರು. ತಮ್ಮ ಕೂಸನ್ನು ಎತ್ತಿ ಅದರ ಕಿವಿಯನ್ನು ನನ್ನ ಕಡೆ ತಿರುಗಿಸಿದ. ನಾನು ಮಾಸ್ಕಿನೊಳಗಿಂದಲೇ, ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ, ಕುರ್ರ್ ಎಂದು ಮೂರು ಸಲ ಹೆಸರು ಕೂಗಿದೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದೊಡ್ಡವಳಾದ ಮೇಲೆ ಬೈದಾಳು. ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತ ಯಜಮಾನರು ಹೆಸರು ಚೊಲೋ ಐತಿ ಎಂದು ತಲೆಯಾಡಿಸಿದರು. ಗುಟ್ಟಾಗಿ ಇಡಬೇಕಾದ ಹೆಸರು ಅರ್ಧ ಓಣಿಗೆ ಒಂದೇ ಸಲಕ್ಕೆ ಮುಟ್ಟಿತ್ತು.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಬೀಗತಿ ಮನೆಯ ಬದಿಯಿಂದ ಜೇಡರ ಬಲೆ ತೆಗೆಯುವ ಉದ್ದ ಬಿದಿರು ಹಿಡಿದು ಬಂದರು. ಅದರ ತುದಿಗೆ ಹೊಸ ಬಟ್ಟೆ ಸುತ್ತಿದ್ದರು. “ಬೆನ್ನ ತಿರಗಸ್ರಿ. ಹೆಸರ ಇಟ್ಟಾಕಿನ್ನ ಹಂಗ ಬಿಡೂದಿಲ್ಲ” ಎಂದು, ಬಿದಿರಿನುದ್ದ ದೂರದಿಂದಲೇ ಬೆನ್ನಿಗೆ ಒಂದು ಬಿಟ್ಟರು. ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕು, ಒಬ್ಬರಾದ ಮೇಲೆ ಒಬ್ಬರು ಬಂದು ಬಿದಿರು ಹಿಡಿದರು. ಹಿತ್ತಲ ಬಾಗಿಲಿನಿಂದ ಅವ್ವನ ದನಿ ಬಂತು: “ನನ್ನ ಪಾಲಿಂದು ಒಂದು ಜೋರಾಗಿ ಹಾಕ್ರಿ.” ಬೀಗತಿ ಹಾಕಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಮಾಸ್ಕು ಒದ್ದೆಯಾಯಿತು.

ಆಮೇಲೆ ಅವ್ವ ಮಾಸ್ಕು ತೆಗೆದು ಹಾಡಿದಳು. ಆಸ್ಪತ್ರೆಯ ದಿನಗಳಿಂದೀಚೆಗೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ದನಿ ಸ್ವಲ್ಪ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. ಓಣಿಯ ಹೆಂಗಸರು ತಮ್ಮ ಮರಾಠಿ ತೊಟ್ಟಿಲ ಹಾಡು, ಪಾಳಣೆಯನ್ನು ನಿಲ್ಲಿಸಿ ಕೇಳಿದರು. ಗಾಳಿ ಹಿತ್ತಲಿನಿಂದ ಹೊರಟು, ಅವ್ವನನ್ನು ದಾಟಿ, ತೊಟ್ಟಿಲನ್ನು ದಾಟಿ, ಮುಂಬಾಗಿಲಿನಿಂದ ಅಂಗಳಕ್ಕಿಳಿದು ಪೇರಲ ಗಿಡದ ತನಕ ಬರುತ್ತಿತ್ತು. ಅದರ ಜೊತೆಗೆ ಕೂಸಿನ ಎಣ್ಣೆಯ ವಾಸನೆ, ಹೋಳಿಗೆಯ ವಾಸನೆ, ಹಾಡು ಎಲ್ಲ ನನ್ನ ತನಕ ಬಂದವು. ಮನೆಯೊಳಗೆ ಇದ್ದವರಿಗೂ ಅಷ್ಟು ಚೆನ್ನಾಗಿ ಕೇಳಿಸಿರಲಾರದು.

ನಾನು ಊಟದ ಡಬ್ಬಿ ಕಟ್ಟಿಸಿಕೊಂಡು ಪೀರನವಾಡಿಗೆ ಬಂದು ಬಾಗಿಲು ಹಾಕಿಕೊಂಡೆ. ಒಂದೆರಡು ದಿನ ಜ್ವರ ಬಂದು ಹೋಯಿತು. ನನ್ನ ಜ್ವರ ನನಗೆ ಲೆಕ್ಕಕ್ಕೇ ಇರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವ್ವನಿಗೆ ಫೋನು ಮಾಡಿ ಗಂಟಲು ಹೇಗಿದೆ, ಮೈ ಬಿಸಿ ಇದೆಯೇ ಎಂದು ಕೇಳುತ್ತಿದ್ದೆ. ವಾರ ಕಳೆಯಿತು, ಅವಳಿಗೆ ಒಂದು ಸೀನೂ ಬರಲಿಲ್ಲ. ಕೊನೆಗೆ ಬೇಸತ್ತು, “ನನಗೇನೂ ಆಗಿಲ್ಲ, ನಾ ಅಜ್ಜಿ ಆಗೇನಿ, ಅಷ್ಟ” ಎಂದಳು.

ಆ ದಿನ ನನಗೆ ಎದೆ ಹಗುರಾಗಿ ಮಾತು ಬೆಳೆಸಿದೆ. ಎಲ್ಲ ಚೆನ್ನಾಯಿತು, ಒಂದು ಮಾತ್ರ ಹೇಳಬೇಕು ಎಂದೆ. ಹಾಡುವಾಗ ತೊಟ್ಟಿಲ ಕಡೆ ಬಾಗಿ ಸಣ್ಣಗೆ ಹಾಡಿದ್ದರೆ ಸಾಕಿತ್ತು, ಅಷ್ಟು ದನಿ ಎತ್ತಿ ದಣಿಯುವುದು ಯಾಕೆ ಬೇಕಿತ್ತು ಎಂದು ಬೈದೆ.

“ಕೂಸಿಗೆ ಅಷ್ಟ ಅಂದ್ರ ಸಣ್ಣಗ ಹಾಡ್ತಿದ್ನೆವ್ವಾ,” ಎಂದಳು. “ಹೊರಗ ಗಿಡದ ಬುಡಕ ನೀ ಒಬ್ಬಾಕಿನ ನಿಂತಿದ್ದಿ. ಗಾಳಿ ನಿನ್ನ ಕಡೆನ ಹೊಂಟಿತ್ತು. ಅದಕ ನಿನಗೂ ಮುಟ್ಟಲಿ ಅಂತ ಹಾಡಿದೆ.”